ಗಂಡನನ್ನು ಎತ್ತಲು ಕಲಿತವಳು

ಗಂಡ ಬಚ್ಚಲಲ್ಲಿ ಜಾರಿಬಿದ್ದಾಗ ಅವಳು ಮೊದಲು ಮಾಡಿದ್ದು ಟವೆಲ್ ತಂದು ಅವನ ಮಾನ ಮುಚ್ಚಿದ್ದು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದರೂ ವರ್ಷಾನುಗಟ್ಟಲೆ ಲಾರಿ ಓಡಿಸಿದ ಆನೆಯಂಥ ಮೈ ಹಾಗೇ ಇತ್ತು. ಕಂಕುಳಿಗೆ ಕೈ ಕೊಟ್ಟು ಎಳೆದಳು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಮಹಡಿ ಮನೆಯ ಗಂಡಸರನ್ನು ಕರೆತಂದಳು. ಅವರು ಎತ್ತಿ ಮಂಚಕ್ಕೆ ಹಾಕುವವರೆಗೂ ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ಅವರು ಹೋದ ಮೇಲೆ, "ಇನ್ನೊಂದ್ಸಲ ಬಿದ್ರೆ ಅಲ್ಲೇ ಬಿಟ್ಬಿಡು. ಯಾರನ್ನೂ ಕರೀಬೇಡ," ಎಂದ.

ಮಾರನೆಯ ವಾರ, ಹೋಟೆಲಿನ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ತನ್ನ ಕೆಲಸ ಮುಗಿಸಿ, ಅವಳು ಚಪ್ಪಲಿ ಅಂಗಡಿಯ ನೆಲಮಾಳಿಗೆಯಲ್ಲಿದ್ದ ಜಿಮ್ಮಿಗೆ ಇಳಿದಳು. ಅಲ್ಲಿ ಒಬ್ಬೊಬ್ಬರಿಗೇ ನಿಂತು ಕಲಿಸುತ್ತಿದ್ದ ತರಬೇತುದಾರನನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಕುಸ್ತಿಯಲ್ಲಿ ಜಜ್ಜಿಹೋದ ಕಿವಿಯ ಆಸಾಮಿ.

"ಹೊಟ್ಟೆ ಕರಗಿಸ್ಬೇಕಾ?" ಎಂದು ಕೇಳಿದ.

"ನಮ್ಮನೆಯವರನ್ನ ಎತ್ಬೇಕು."

ನಗಲು ಹೊರಟವನು ಅವಳ ಮುಖ ನೋಡಿ, ಅವರಿಗೆ ಏನಾಗಿದೆಯೆಂದು ಕೇಳಿ ತಿಳಿದುಕೊಂಡ. ಒಂದು ಮರಳಿನ ಮೂಟೆ ಎಳೆದು ತಂದು ಅವಳ ಮುಂದಿಟ್ಟ. ಅವಳು ಸೊಂಟ ಬಗ್ಗಿಸಿ ಹಿಡಿದಳು.

"ಬಿಡಿ, ಬಿಡಿ. ಹೀಗೆ ಎತ್ತಿದ್ರೆ ಮನೇಲಿ ಎರಡು ಮಂಚ ಬೇಕಾಗುತ್ತೆ. ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ. ಎದೆಗೆ ಅವಚಿಕೊಳ್ಳಿ. ಭಾರ ಮೈಯಿಂದ ದೂರ ಇದ್ದಷ್ಟೂ ಜಾಸ್ತಿ. ಈಗ ಕಾಲಿಂದ ಏಳಿ."

ಆ ದಿನ ಮೂಟೆ ಏಳಲಿಲ್ಲ. ತೊಡೆ ನಡುಗಿ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದಳು. ಆದರೂ ಬಿಡಲಿಲ್ಲ. "ಈ ವಯಸ್ಸಲ್ಲಿ ಮೈ ಹುರಿಗಟ್ಟಿಸ್ಕೊಂಡು ಯಾರಿಗೆ ತೋರಿಸ್ಬೇಕು?" ಎಂದು ನಾದಿನಿ ಕೊಂಕು ತೆಗೆದಳು. "ನಿಮ್ಮಣ್ಣನಿಗೇ," ಎಂದಳು ಇವಳು.

ಮೂಟೆ ಎದ್ದ ಸಂಜೆ ಸೀದಾ ಮನೆಗೆ ಬಂದು ಗಂಡನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಕುತ್ತಿಗೆಗೆ ಕೈ ಹಾಕಿ."

"ಬೇಡ. ನಾನೇನು ಎಳೆ ಕೂಸಾ?"

"ಮಹಡಿ ಮನೆಯವರನ್ನ ಕರೀಲಾ?"

ಅವನು ಎಡಗೈ ಹಾಕಿದ. ಅವಳು ಅವಚಿಕೊಂಡು ಎದ್ದಳು. ಅವರಿಬ್ಬರೂ ಅಷ್ಟು ಹತ್ತಿರ ನಿಂತು ಎಷ್ಟೋ ಕಾಲವಾಗಿತ್ತು. ಕುರ್ಚಿಗೆ ಕೂರಿಸಿದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಆಮೇಲೆ ದಿನದಿನಕ್ಕೂ ಸಲೀಸಾಯಿತು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಹೂವೆತ್ತಿದ ಹಾಗೆ ಎತ್ತುತ್ತಿದ್ದಳು. ಇಸ್ತ್ರಿ ಮೇಜಿನ ಹೆಂಗಸರಿಗೆ ತೋಳು ಮಡಚಿ ತೋರಿಸಿ ನಗಿಸುತ್ತಿದ್ದಳು. ಅವನು ತಟ್ಟೆಯಲ್ಲಿ ಅರ್ಧ ಊಟ ಬಿಡುವುದು ಕಣ್ಣಿಗೆ ಬಿದ್ದರೂ, ಕೂತಲ್ಲೇ ಇರುವವನಿಗೆ ಹಸಿವೆಲ್ಲಿಂದ ಬರಬೇಕು ಅಂದುಕೊಂಡಳು.

ಕೆಮ್ಮು ನಿಲ್ಲದೆ ಆಸ್ಪತ್ರೆಗೆ ಕರೆದೊಯ್ದಾಗ ನರ್ಸ್ ತೂಕ ನೋಡಿ, "ಹೋದ ಸಲಕ್ಕಿಂತ ಇಪ್ಪತ್ತು ಕಿಲೋ ಇಳಿದಿದೆಯಲ್ಲಮ್ಮಾ, ಮನೇಲಿ ಯಾರೂ ಗಮನಿಸ್ಲಿಲ್ವಾ?" ಎಂದಳು. ಡಾಕ್ಟರು ಶ್ವಾಸಕೋಶದ ಚಿತ್ರವನ್ನು ಬೆಳಕಿಗೆ ಹಿಡಿದು, ಗಂಟು ಹಬ್ಬಿದೆ, ಮಾಡುವಂಥದ್ದೇನೂ ಉಳಿದಿಲ್ಲ ಎಂದರು.

ಜಿಮ್ಮಿನ ಬೆಂಚಿನ ಮೇಲೆ ಕೂತು ಹೇಳಿದಳು: "ದಿನಾ ಎತ್ತಿದ್ದು ಇದೇ ಕೈ, ಮೇಷ್ಟ್ರೇ. ನನಗೇ ಶಕ್ತಿ ಬಂತು ಅಂತ ಬೀಗ್ತಿದ್ದೆ."

ಮೇಷ್ಟ್ರು ಪಕ್ಕದಲ್ಲಿ ಕೂತ.

ಕೊನೆಯ ತಿಂಗಳು ಗಂಡನನ್ನು ಎತ್ತಲು ಯಾವ ವಿದ್ಯೆಯೂ ಬೇಕಿರಲಿಲ್ಲ. ಆದರೂ ಅವಳು ಕಾಲೂರಿ ಕೂತು, ಎದೆಗೆ ಅವಚಿಕೊಂಡೇ ಏಳುತ್ತಿದ್ದಳು. ಒಂದು ಬೆಳಿಗ್ಗೆ ಹಾಗೆ ಎದ್ದು ನಿಂತಾಗ ಅವನು ಅವಳ ಭುಜಕ್ಕೆ ಗಲ್ಲ ಊರಿ, "ಈಗಲೇ ಕೂರಿಸ್ಬೇಡ," ಎಂದ. ಅವಳು ಕೋಣೆಯ ನಡುವೆ ಅವನನ್ನು ಹಿಡಿದುಕೊಂಡು ನಿಂತೇ ಇದ್ದಳು. ಕೆಲಸಕ್ಕೆ ಹೊತ್ತಾದರೂ ಕೂರಿಸಲಿಲ್ಲ.