ಮಹಾಗಾಂವ ಕ್ರಾಸಿನಾಚೆ ಈಸ್ಟರ್ ಊಟ

ರಾಹೇಲಮ್ಮನಿಗೆ ನಾಲ್ಕು ಜನಕ್ಕೆ ಅಡುಗೆ ಮಾಡಲು ಬರುತ್ತಿರಲಿಲ್ಲ. ಕಲಬುರಗಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ಒಲೆಯ ಮುಂದೆ ನಿಂತವಳು. ಕೊಳಗದಲ್ಲಿ ಅನ್ನ ಬಸಿದು, ಚರಿಗೆಯಲ್ಲಿ ಸಾರು ಎತ್ತಿ ಬಡಿಸಿ ರೂಢಿಯಾದ ಕೈ. ನಿವೃತ್ತಿಯಾಗಿ ಸ್ಟೇಶನ್ ಬಜಾರದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಹಿಡಿದ ಮೇಲೂ ಆ ಕೈ ಸಣ್ಣದಾಗಲಿಲ್ಲ. ತನಗೊಬ್ಬಳಿಗೆ ಅಂತ ಬೇಳೆ ಬೇಯಿಸಲು ಕೂತರೆ ಸಂಜೆ ಹೊತ್ತಿಗೆ ಆಟೋ ಸ್ಟ್ಯಾಂಡಿನವರೆಲ್ಲ ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದರು.

ಅದೇ ಹಾಸ್ಟೆಲ್ಲಿನಲ್ಲಿ ಕಾಯಿಪಲ್ಯೆ ಹೆಚ್ಚುತ್ತಿದ್ದವಳು ಮುನೀರಾ, ರೊಟ್ಟಿ ಬಡಿಯುತ್ತಿದ್ದವಳು ಕಮಲಾಪುರದ ಶಿವಕಾಂತಮ್ಮ. ಕೆಲಸ ಬಿಟ್ಟ ಮೇಲೂ ಮೂವರೂ ವರ್ಷಕ್ಕೊಮ್ಮೆ, ಈಸ್ಟರ್ ಮಧ್ಯಾಹ್ನ, ರಾಹೇಲಮ್ಮನ ಮನೆಯಲ್ಲಿ ಕೂಡಿ ಉಣ್ಣುವುದು ತಪ್ಪಿರಲಿಲ್ಲ. ಬಗಾರ ಅನ್ನ, ಮಟನ್ ಸಾರು, ಮಾಂಸ ಮುಟ್ಟದ ಶಿವಕಾಂತಮ್ಮನಿಗಾಗಿ ಬೇರೆ ಪಾತ್ರೆಯಲ್ಲಿ ಬದನೆಕಾಯಿ ಎಣಗಾಯಿ, ಎಲ್ಲರಿಗೂ ಶೇಂಗಾ ಹೋಳಿಗೆ.

ಆ ವರ್ಷ ಎರಡು ಅಡಚಣೆ ಒಟ್ಟಿಗೇ ಬಂದವು. ಈಸ್ಟರ್ ರಮಜಾನ್ ತಿಂಗಳಲ್ಲಿ ಬಿದ್ದಿತ್ತು, ಮುನೀರಾಳಿಗೆ ಹಗಲಿಡೀ ರೋಜಾ ಉಪವಾಸ. ಅತ್ತ ಕಮಲಾಪುರದಲ್ಲಿ ಶಿವಕಾಂತಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು.

"ಈ ಸಲ ಬ್ಯಾಡ ಬಿಡ್ರವ್ವಾ," ಅಂತ ಶಿವಕಾಂತಮ್ಮ ಫೋನಿನಲ್ಲಿ ಹೇಳಿದಳು. ಹೇಳುವಾಗ ದನಿ ಸಣ್ಣದಾಯಿತು.

ರಾಹೇಲಮ್ಮ ಫೋನಿಟ್ಟು ಪಕ್ಕದಲ್ಲಿ ಕೂತಿದ್ದ ಮುನೀರಾಳ ಮುಖ ನೋಡಿದಳು. "ಆಕಿ ಬರಲಿಕ್ಕಾಗಲ್ಲ. ನೀ ಹಗಲ ಉಣ್ಣಲಿಕ್ಕಾಗಲ್ಲ. ಅಂದ್ರ ಏನಾಯ್ತು? ಹೊತ್ತು ಮುಳಗೂದ್ರಾಗ ನಾವೇ ಕಮಲಾಪುರಕ್ಕ ಹೋಗೂಣು. ನೀ ಅಲ್ಲೇ ರೋಜಾ ಬಿಡು. ಆಕಿಗಿ ಫೋನ್ ಮಾಡಿ ಹೇಳತೀನಿ."

"ಈಸ್ಟರ್ ಊಟ ಸಂಜಿಗಿ?"

"ಮಧ್ಯಾಹ್ನನೇ ಉಣಬೇಕಂತ ಬೈಬಲ್ಲಿನಾಗ ಎಲ್ಲೂ ಬರದಿಲ್ಲ."

ಹಬ್ಬದ ದಿನ ಇನ್ನೂ ಕತ್ತಲಿರುವಾಗಲೇ ರಾಹೇಲಮ್ಮ ಚರ್ಚಿನ ಸಭೆಯವರೊಂದಿಗೆ ಸಮಾಧಿ ತೋಟಕ್ಕೆ ಹೋದಳು. ಗಂಡನ ಗೋರಿಯ ಮೇಲೆ ಮೇಣದಬತ್ತಿ ಹಚ್ಚಿ, ಮೂಡಣ ಕೆಂಪಾಗುವಾಗ ಎಲ್ಲರ ಜೊತೆ ದನಿಯೆತ್ತಿ ಹಾಡಿದಳು. ಮನೆಗೆ ಬರುವಷ್ಟರಲ್ಲಿ ಮುನೀರಾ ಬಾಗಿಲಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದಳು. ಆ ಸಿಪ್ಪೆಯನ್ನೇ ನೀರಿಗೆ ಹಾಕಿ ರಾಹೇಲಮ್ಮ ಮೊಟ್ಟೆ ಕುದಿಸಿದಳು. ಬಿಳಿ ಮೊಟ್ಟೆಗಳೆಲ್ಲ ಇಟ್ಟಂಗಿ ಬಣ್ಣ ತಳೆದು ಮೇಲೆದ್ದವು. ಈಸ್ಟರಿಗೆ ಮುಂಚಿನ ಲೆಂಟ್ ವ್ರತದ ದಿನಗಳುದ್ದಕ್ಕೂ ಮಾಂಸದ ವಾಸನೆ ಕಾಣದ ಮನೆಯಲ್ಲಿ ಮಸಾಲೆ ಹುರಿದ ಘಮ ಏಳುತ್ತಿದ್ದಂತೆ ಮುನೀರಾ ಕಣ್ಣು ಮುಚ್ಚಿಕೊಂಡು ಉದ್ದಕ್ಕೆ ಉಸಿರೆಳೆದಳು.

"ಮೂಗಿಗಿ ರೋಜಾ ಇಲ್ಲಲ್ಲ ಆಪಾ?"

"ಇರಲಿಕ್ಕಿಲ್ಲ. ಖರೇ, ಭಾಳ ಎಳಕೋಬ್ಯಾಡ, ಸಾರು ಕಮ್ಮಿ ಆಗತದ," ಎಂದು ರಾಹೇಲಮ್ಮ ನಕ್ಕಳು.

ಮೂವರಿಗೆ ಅಂತ ಅಳೆದು ಹಾಕಲು ಹೊರಟ ಅಕ್ಕಿ ಎಂದಿನಂತೆ ದೊಡ್ಡ ಪಾತ್ರೆ ತುಂಬಿತು. ನಾಲ್ಕರ ಬಿಸಿಲಿಗೆ ಇಬ್ಬರೂ ಪಾತ್ರೆ, ಡಬ್ಬಿ, ರೊಟ್ಟಿಯ ಗಂಟು ಎಲ್ಲ ಹೊತ್ತುಕೊಂಡು ಕಮಲಾಪುರದ ಕ್ರೂಸರ್ ಜೀಪು ಹತ್ತಿದರು. ಡ್ರೈವರ್ ಅಲ್ಲಾವುದ್ದೀನ್ ಸೀಟು ತುಂಬುವ ತನಕ ಗಾಡಿ ಬಿಡಲಿಲ್ಲ. ಕೊನೆಗೆ ಹೊರಟು ಕಪನೂರಿನ ಕಾರ್ಖಾನೆಗಳನ್ನು ದಾಟಿದಾಗಲೇ ಹೊತ್ತು ಇಳಿದಿತ್ತು. ಮಹಾಗಾಂವ ಕ್ರಾಸು ದಾಟಿ ಒಂದಿಷ್ಟು ದೂರ ಹೋಗಿದ್ದರೋ ಇಲ್ಲವೋ, ಹಿಂದಿನ ಗಾಲಿ ಢಬ್ಬೆಂದಿತು.

ಅಲ್ಲಾವುದ್ದೀನ್ ಕೆಳಗಿಳಿದು ಸ್ಟೆಪ್ನಿ ತೆಗೆದು ನೋಡಿದ. ಅದರಲ್ಲೂ ಗಾಳಿ ಇರಲಿಲ್ಲ. ಬಾಯಿಯ ತನಕ ಬಂದ ಬೈಗುಳವನ್ನು ತನ್ನ ರೋಜಾ ನೆನಪಾಗಿ ನುಂಗಿಕೊಂಡ. ಎದುರಿಗೆ ಬಂದ ಒಂದು ಬೈಕನ್ನು ನಿಲ್ಲಿಸಿ, ಗಾಲಿ ತೊಡೆಯ ಮೇಲಿಟ್ಟುಕೊಂಡು ಪಂಕ್ಚರ್ ಹಾಕಿಸಲು ಕ್ರಾಸಿಗೆ ಹೊರಟ. ಮುನೀರಾ ಓಡಿ ಹೋಗಿ ಅವನ ಅಂಗಿಯ ಜೇಬಿಗೆ ನಾಲ್ಕು ಖಜೂರ ಹಾಕಿದಳು. "ಹೊತ್ತಾದ್ರ ದಾರ್‍ಯಾಗೇ ತಿನ್ನಪ್ಪಾ, ನಮ್ಮ ದಾರಿ ನೋಡಬ್ಯಾಡ."

ಜನ ಇಳಿದು ಬೇವಿನ ಮರದ ಕೆಳಗೆ ಕೂತರು. ಎರಡು ಮಕ್ಕಳ ಸಂಸಾರವೊಂದು, ಕಾಲೇಜು ಹುಡುಗಿಯರು ಮೂರು ಜನ, ರುಮಾಲು ಸುತ್ತಿದ ಅಣವೀರಪ್ಪ ಎಂಬ ಮುದುಕ. ಸೂರ್ಯ ತೊಗರಿ ಕೊಯ್ದ ಹೊಲದಾಚೆ ಇಳಿದ. ಮುನೀರಾ ಖಜೂರ ಕಚ್ಚಿ ನೀರು ಕುಡಿದು, ಸೆರಗು ಸರಿಮಾಡಿಕೊಂಡು ಮರದ ಆಚೆ ಬದಿಗೆ ನಮಾಜಿಗೆ ನಿಂತಳು. ಅಷ್ಟರಲ್ಲಿ ಸಣ್ಣ ಮಗು ಹಸಿವೆಗೆ ರಂಪ ಮಾಡತೊಡಗಿತು. ಅದರ ತಾಯಿ ಖಾಲಿ ಬಿಸ್ಕಿಟ್ ಪುಡಿಕೆಯನ್ನು ಮತ್ತೆ ಮತ್ತೆ ಜಾಡಿಸಿ ತೋರಿಸುತ್ತಿದ್ದಳು.

ರಾಹೇಲಮ್ಮ ಪಾತ್ರೆಯ ಮೇಲೆ ಕೈಯಿಟ್ಟು ಕೂತಿದ್ದಳು. ಇದು ಶಿವಕಾಂತಮ್ಮನ ಊಟ. ದಾರಿಯಲ್ಲಿ ಬಿಚ್ಚಬಾರದು ಎಂದುಕೊಂಡಳು. ಮಗು ಇನ್ನೊಮ್ಮೆ ಅತ್ತಿತು. ಆಕೆ ಸೀದಾ ಎದ್ದು ಪಾತ್ರೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು.

"ಬರ್ರಿ ಎಲ್ಲಾರೂ. ಗಂಗಾಳ ಇಲ್ಲ, ರೊಟ್ಟಿನೇ ಗಂಗಾಳ."

ಮುಂದೆ ಬಂದವರ ಕೈಗೆ ಒಂದೊಂದು ಜೋಳದ ರೊಟ್ಟಿ, ಅದರ ಮೇಲೆ ಬಗಾರ ಅನ್ನ, ಅದರ ಮೇಲೆ ಮಟನ್. ಹುಡುಗಿಯರು ಮೊದಲು ನಾಚಿದರು, ಆಮೇಲೆ ಎರಡನೇ ಸಲ ತಾವೇ ಬಂದರು. ಮಕ್ಕಳಿಗೆ ಹೋಳಿಗೆ, ಕೆಂಪು ಮೊಟ್ಟೆ ಸಿಕ್ಕವು. "ಯಾಕ ಕೆಂಪಗದ?" ಎಂದಿತು ದೊಡ್ಡ ಮಗು. "ಇವತ್ತ ನಮ್ಮ ಯೇಸಪ್ಪ ಗೋರಿಯಿಂದ ಎದ್ದ ದಿನ. ಗೋರಿ ಒಡದಂಗ ಇದನ್ನ ಒಡೀಬೇಕು," ಎಂದು ರಾಹೇಲಮ್ಮ ಮೊಟ್ಟೆಯನ್ನು ಮಗುವಿನ ಹಣೆಗೇ ಮೆಲ್ಲಗೆ ತಟ್ಟಿ ಒಡೆದಳು. ಮಗು ಕಿಲಕಿಲ ನಕ್ಕಿತು.

ಅಣವೀರಪ್ಪ ಮಾತ್ರ ದೂರವೇ ಕೂತಿದ್ದ. "ನಾವು ಮಾಂಸ ತಿನ್ನಂಗಿಲ್ರಿ ತಾಯಿ," ಎಂದ ಸಂಕೋಚದಿಂದ.

ರಾಹೇಲಮ್ಮನ ಕೈ ಒಂದು ಕ್ಷಣ ನಿಂತಿತು. ಬಳಿಕ ಶಿವಕಾಂತಮ್ಮನ ಎಣಗಾಯಿಯ ಡಬ್ಬಿ ತೆಗೆದಳು. ಮಕ್ಕಳ ತಾಯಿಯೂ ಮಾಂಸ ತಿನ್ನದವಳೇ. ಇಬ್ಬರೂ ಹಸಿದಿದ್ದರು, ಬದನೆಕಾಯಿ ಮುಗಿಯಿತು. ಅಣವೀರಪ್ಪ ಬೆರಳು ನೆಕ್ಕಿ ಹೇಳಿದ, "ಉಪ್ಪ ಒಂದ್ ಚೂರು ಕಮ್ಮಿ ಆಗ್ಯಾದ ನೋಡ್ರಿ. ಉಳದದ್ದೆಲ್ಲ ಛಲೋ ಅದ."

"ಇಷ್ಟ ವರ್ಷದಾಗ ನನ್ನ ಅಡಗಿಗಿ ಹಿಂಗ ಯಾರೂ ಅಂದಿಲ್ಲ!" ಎಂದು ರಾಹೇಲಮ್ಮ ಸಿಡುಕಿದಳು. ಮುನೀರಾ ಅನ್ನ ಗಂಟಲಿಗೆ ಸಿಕ್ಕುವಷ್ಟು ನಕ್ಕಳು.

ಅಲ್ಲಾವುದ್ದೀನ್ ಗಾಲಿ ತಂದು ಹಾಕಿದ ಮೇಲೆ ಅವನಿಗೂ ರೊಟ್ಟಿಯ ಮೇಲೆ ಬಡಿಸಿದರು. ಗಾಡಿ ಕಮಲಾಪುರ ಮುಟ್ಟಿದಾಗ ಓಣಿಯ ದೀಪಗಳು ಹತ್ತಿದ್ದವು. ಶಿವಕಾಂತಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಳು.

"ಎಷ್ಟೊತ್ತಿಗಿ ಬರೂದು? ಫೋನ್ ಎತ್ತಲಿಕ್ಕೂ ಕೈ ಇಲ್ಲೇನು? ನನ್ನ ಜೀವ ಹಾರಿತ್ತು!"

ದಾರಿಯಲ್ಲಿ ನಡೆದದ್ದನ್ನು ಮುನೀರಾ ಹೇಳಿದಳು. ರಾಹೇಲಮ್ಮ ಬರಿದಾದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಆಕೆಯ ಕಣ್ಣಲ್ಲಿ ನೀರು ಬಂದಿತ್ತು. "ನಿನಗಂತ ಮಾಡಿದ್ದೇ ಉಳೀಲಿಲ್ಲ ಶಿವಕಾಂತಾ. ಎರಡು ಹೋಳಿಗಿ ಅವ, ಅಷ್ಟೇ."

ಶಿವಕಾಂತಮ್ಮ ಡಬ್ಬಿಯೊಳಗೆ ಇಣುಕಿದಳು. ಒಳಬದಿಗೆ ಹತ್ತಿದ್ದ ಮಸಾಲೆಯನ್ನು ಬೆರಳಿಂದ ಬಳಿದು ಬಾಯಿಗಿಟ್ಟುಕೊಂಡು ಚಪ್ಪರಿಸಿದಳು.

"ಆ ಮುದುಕ ಹೇಳಿದ್ದು ಖರೇ ಅದ. ಉಪ್ಪು ಕಮ್ಮಿನೇ."

ರಾಹೇಲಮ್ಮ ಅಳುವುದನ್ನು ಬಿಟ್ಟು ಜಗಳಕ್ಕೆ ನಿಂತಳು. ಜಗಳ ನಡೆಯುತ್ತಿರುವಾಗಲೇ ಶಿವಕಾಂತಮ್ಮ ಒಳಗಿನ ಕಪಾಟಿನ ಕಡೆ ಕೈ ತೋರಿಸಿದಳು. ಕೂತಲ್ಲೇ ಆಕೆ ಕಮಲಾಪುರದ ಕೆಂಪು ಬಾಳೆಹಣ್ಣು ಕಿವುಚಿ, ಹಾಲು, ಬೆಲ್ಲ, ಏಲಕ್ಕಿ ಹಾಕಿ ಪಾತ್ರೆ ತುಂಬ ಸೀಕರಣೆ ಮಾಡಿಟ್ಟಿದ್ದಳು. ಮುನೀರಾ ಅದನ್ನು ತಂದು ನಡುವೆ ಇಟ್ಟಳು. ಉಳಿದ ಬಗಾರ ಅನ್ನ, ಮಟನ್ ಸಾರು ಇವರಿಬ್ಬರಿಗೆ. ಸೀಕರಣೆ ಸುರಿದ ಹೋಳಿಗೆ ಶಿವಕಾಂತಮ್ಮನಿಗೆ. ರಾಹೇಲಮ್ಮ ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಉಳಿದಿಬ್ಬರೂ ಕೈ ಕಟ್ಟಿಕೊಂಡು ಕಾದು, ಆಮೆನ್ ಅಂದ ಕೂಡಲೇ ತಟ್ಟೆಗೆ ಕೈ ಹಾಕಿದರು.

ಬೈಕಿನ ಮೇಲೆ ಗಾಲಿ ಅಪ್ಪಿಕೊಂಡು ಹೋದ ಅಲ್ಲಾವುದ್ದೀನನಂತೆ ಮುನೀರಾ ಅಭಿನಯ ಮಾಡಿ ತೋರಿಸುವಾಗ ನಗು ಓಣಿಯ ತನಕ ಕೇಳಿರಬೇಕು. ಪಕ್ಕದ ಮನೆಯ ಹಣಮಮ್ಮ ಬಾಗಿಲಿಗೆ ಬಂದು ನಿಂತಳು. "ಏನ್ರವ್ವಾ, ಇವತ್ತ ಯಾವ ಹಬ್ಬ?"

"ಈಸ್ಟರ್," ಎಂದಳು ಶಿವಕಾಂತಮ್ಮ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ. "ಒಳಗ ಬಾ, ಕೂಡು. ಸೀಕರಣಿ ಹಾಕೊಳ್ಳಾಕ ಒಂದ್ ವಾಟಗಾ ತಗೊಂಡೇ ಬಾ."