ಹನ್ನೊಂದು ಕಡೆ ಹೊಡೆದ ಪದ

ಫ್ರೆಂಚಿನಿಂದ ಜರ್ಮನ್ನಿಗೆ ಅನುವಾದ ಮಾಡುವವರು ಬೇಕೆಂದರೆ ಜನ ಸಾಲುಗಟ್ಟಿ ಬರುತ್ತಾರೆ. ಅಳತೆಯ ಉಪಕರಣಗಳ ಕೈಪಿಡಿ ಎಂದ ಕೂಡಲೇ ಕಾಲಿಗೆ ಬುದ್ಧಿ ಹೇಳುತ್ತಾರೆ. ಓಡದೆ ನಿಲ್ಲುವವರನ್ನು ಹುಡುಕುವುದೇ ನಮ್ಮ ಅನುವಾದ ಕಚೇರಿಯಲ್ಲಿ ನನ್ನ ಕೆಲಸ. ನಾವೆಲ್ಲ ತಕ್ಕಡಿ ಅಕ್ಕ ಎಂದು ಕರೆಯುವ ಅನುವಾದಕಿ ಸಿಕ್ಕಿದ್ದು ನನ್ನ ಪುಣ್ಯ.

ಅಕ್ಕ ಇಪ್ಪತ್ತೆರಡು ವರ್ಷ ತೂಕದ ಯಂತ್ರ ರಿಪೇರಿ ಮಾಡಿದವರು. ಈಗ ಅಡುಗೆಮನೆಯ ಮೇಜೇ ಕಚೇರಿ, ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದ ಗಂಡ. ಮನೆ ನಡೆಯುತ್ತಿದ್ದುದು ನಾವು ಕೊಡುವ ಕೆಲಸದಿಂದಲೇ. ಹಾಗೆಂದು ನಮ್ಮ ಮುಂದೆ ಹಲ್ಲು ಗಿಂಜಿದವರಲ್ಲ.

ಹೋದ ವಾರ ಆಸ್ಪತ್ರೆಯಲ್ಲಿ ಮಕ್ಕಳನ್ನು ತೂಗುವ ಯಂತ್ರದ ಕೈಪಿಡಿ ಪರಿಷ್ಕರಣೆಗೆ ಬಂತು; ಅಕ್ಕನಿಗೆ ಕೊಟ್ಟೆ. ಅದರ ಹಳೇ ಆವೃತ್ತಿಯನ್ನು ಕವಿತೆ ಅನುವಾದಿಸುವವರೊಬ್ಬರಿಂದ ಮಾಡಿಸಿದ ಘನಕಾರ್ಯ ನನ್ನದೇ. ಫ್ರೆಂಚಿನ ‘ಎತಲೊನಾಜ್’ಗೆ ಅವರು ಜರ್ಮನ್ನಿನಲ್ಲಿ ಹನ್ನೊಂದು ಕಡೆ ‘ಐಶುಂಗ್’ ಎಂದು ಬರೆದಿದ್ದರು. ಅಕ್ಕ ಹನ್ನೊಂದನ್ನೂ ಹೊಡೆದುಹಾಕಿ ‘ಕಾಲಿಬ್ರೀರುಂಗ್’ ಎಂದು ಬರೆದರು.

ಮಾಲೀಕರು ನಮ್ಮಿಬ್ಬರನ್ನೂ ಕರೆಸಿದರು. ಗಿರಾಕಿಯ ಪೆಟ್ಟಿಗೆಗಳ ಮೇಲೆ ಹಳೇ ಪದವೇ ಅಚ್ಚಾಗಿತ್ತು.

“ಎರಡೂ ಒಂದೇ ಅಲ್ವಾ? ಯಾಕಮ್ಮಾ ತಲೆ ತಿಂತೀರಾ?”

“ಒಂದೇ ಅಲ್ಲ ಸರ್,” ಎಂದರು ಅಕ್ಕ. “ನಾನು ಬರೆದಿದ್ದು, ಯಂತ್ರ ಎಷ್ಟು ತಪ್ಪು ತೋರಿಸುತ್ತೆ ಅಂತ ಹೋಲಿಸಿ ನೋಡಿದ್ದಾರೆ ಅಂತ. ಐಶುಂಗ್ ಅಂದ್ರೆ ಸರ್ಕಾರದವರು ಪರೀಕ್ಷೆ ಮಾಡಿ ಮುದ್ರೆ ಒತ್ತಿದ್ದಾರೆ ಅಂತ. ಈ ಯಂತ್ರಕ್ಕೆ ಯಾರೂ ಮುದ್ರೆ ಒತ್ತಿಲ್ಲ. ಅದು ತೋರಿಸೋ ತೂಕ ನಂಬಿ ಮಗುಗೆ ಔಷಧಿ ಅಳೀತಾರೆ.”

“ಗಿರಾಕಿ ಕೇಳಿದ ಪದ ಹಾಕಿ. ಇಲ್ಲಾಂದ್ರೆ ನಾಳೆಯಿಂದ ನಿಮಗೆ ಕೆಲಸ ಇಲ್ಲ.”

“ಬೇಡ ಬಿಡಿ. ಸುಳ್ಳಿಗೆ ನಾನು ಸಹಿ ಹಾಕಲ್ಲ.”

ಅಕ್ಕ ಎದ್ದು ಹೊರಗೆ ನಡೆದರು. ಬೇರೆಯವರನ್ನು ಹುಡುಕು ಎಂದು ನನಗೆ ಆಜ್ಞೆಯಾಯಿತು. ಅಕ್ಕನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಏಳು ಜನಕ್ಕೆ ಫೋನ್ ಮಾಡಿದೆ. ಇಬ್ಬರು ಕೈಪಿಡಿ ಎಂದ ಕೂಡಲೇ ಫೋನ್ ಇಟ್ಟರು. ಉಳಿದ ಐದು ಜನ, ಯಾವ ಪದ ಬೇಕೋ ಅದೇ ಹಾಕೋಣ ಎಂದು ತಾಳ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ಮಾಲೀಕರ ಕೋಣೆಗೆ ಹೋದೆ.

“ಯಾರೂ ಸಿಗಲಿಲ್ಲ ಸರ್.”

“ಇಷ್ಟು ದೊಡ್ಡ ಊರಲ್ಲಿ ಒಬ್ಬರೂ ಇಲ್ವೇನ್ರಿ?”

“ಒಬ್ಬರು ಇದ್ದಾರೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಅವರು ನಿಮಗೆ ಬೇಡ ಅಂದ್ರೆ, ಹುಡುಕೋ ಕೆಲಸಕ್ಕೂ ಬೇರೆಯವರನ್ನ ಹುಡುಕ್ಕೊಳ್ಳಿ.”