ಒಲೆಯ ಬೂದಿ, ಅತ್ತೆಯ ಗಡಿಗೆ

ಓದುವ ಹಿರಿಯರಿಗೂ ಕಿರಿಯರಿಗೂ ಶರಣು. ನಾನು ಅಕ್ಷರ ಕಲಿತದ್ದು ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ. ಈಗ ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಅಚ್ಚು ಒತ್ತುತ್ತಿದ್ದೇನೆ. ಒತ್ತೋ ದೀರ್ಘವೋ ತಪ್ಪಿದ್ದರೆ ಮನ್ನಿಸಬೇಕು. ಸಂಗತಿ ಮಾತ್ರ ತಪ್ಪಿಲ್ಲ, ಏಕೆಂದರೆ ಅದು ನನ್ನ ಮನೆಯ ಒಲೆಯದು.

ಆಗ ಯುದ್ಧದ ಕಾಲ. ಹೊನ್ನಾಳಿಯಲ್ಲಿ ನಮ್ಮ ಮನೆ. ಬೆಂಕಿಪೊಟ್ಟಣ ಸಿಗುವುದೇ ಕಷ್ಟ. ನ್ಯಾಮತಿ ಸಂತೆಯವರೆಗೂ ನಡೆದು ಹೋಗಿ ಬರಿಗೈಯಲ್ಲಿ ಬಂದಿದ್ದೇನೆ. ನಮ್ಮವ್ವನಿಗೆ ಮಾತ್ರ ಅದರ ಚಿಂತೆ ಇರಲಿಲ್ಲ. ತಾನು ಸೊಸೆಯಾಗಿ ಬಂದಾಗ ಹೊತ್ತಿಸಿದ ಬೆಂಕಿ ಇನ್ನೂ ಆರಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಎಲ್ಲ ಬೂದಿಯ ಕೆಲಸ. ರಾತ್ರಿ ಅಡುಗೆ ಮುಗಿದ ಮೇಲೆ ಜಾಲಿ ಕೊರಡಿನ ಕೆಂಡಗಳನ್ನು ಒಲೆಯ ಹಿಂಬದಿಗೆ ಸರಿಸಿ, ಬೂದಿ ಮುಚ್ಚಿ, ಸೌಟಿನ ಬೆನ್ನಿನಿಂದ ತಟ್ಟುವಳು. ಬೆಳಿಗ್ಗೆ ಮೇಲಿನ ಬೂದಿಯನ್ನಷ್ಟೇ ತಗಡಿನ ಚೂರಿನಿಂದ ಕೆರೆದು ಪಾತ್ರೆ ತಿಕ್ಕಲು ಎತ್ತಿಡುವಳು. ತಳದಲ್ಲಿ ನಾಲ್ಕು ಬೆರಳು ಬೂದಿ ಉಳಿಯಲೇಬೇಕು. ಅದನ್ನು ಕೆದಕಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಆ ಮನೆಗೆ ಜಗಳೂರಿನಿಂದ ನನ್ನಾಕೆ ಸೊಸೆಯಾಗಿ ಬಂದಳು. ಬಂದ ವಾರದಲ್ಲೇ ಅವ್ವ ಒಲೆಯನ್ನು ಅವಳಿಗೆ ಒಪ್ಪಿಸಿದಳು. ಮಾರನೇ ದಿನ ಎದ್ದು ನೋಡಿದರೆ ಒಲೆ ತಳದವರೆಗೂ ಬರಿದಾಗಿತ್ತು. ಒಂದು ಚಿಟಿಕೆ ಬೂದಿ ಇಲ್ಲ. ಮೇಲೆ ಸಗಣಿಯಿಂದ ಸಾರಿಸಿ, ರಂಗೋಲಿಯ ಎಳೆಯನ್ನೂ ಎಳೆದಿದ್ದಳು. ನೋಡಲು ಬಲು ಚೆಂದ. ಬೆಂಕಿ ಮಾತ್ರ ಇಲ್ಲ.

ಅವ್ವ ಒಲೆಯ ಮುಂದೆ ಕೂತು ಬೆರಳಿನಿಂದ ತಳ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು:

"ಏನವ್ವಾ, ಇದು ಒಲೆನೋ, ಸ್ವಾಮಿಗಳ ಗದ್ದಿಗೆನೋ? ಇದರ ಮ್ಯಾಲೆ ಅನ್ನ ಬೇಯಿಸ್ಬೇಕೋ, ಕೈ ಮುಗೀಬೇಕೋ?"

ನನ್ನಾಕೆ ತಲೆ ತಗ್ಗಿಸಿದಳು. ನಾನು ಹೆಂಚಿನ ಚೂರು ಹಿಡಿದು ಪಕ್ಕದ ಮನೆಯ ಅಜ್ಜಿಯ ಬಳಿ ಕೆಂಡ ಬೇಡಲು ಹೋದೆ. ಅಷ್ಟು ವರ್ಷ ನಮ್ಮಲ್ಲಿಗೇ ಕೆಂಡಕ್ಕೆ ಬರುತ್ತಿದ್ದವಳು ಅವಳು. "ಆರದಿರೋ ಬೆಂಕಿ ಆರಿತೇನಪ್ಪಾ? ನಿಮ್ಮವ್ವಂಗೆ ನಾನು ಕೇಳ್ದೆ ಅಂತ ಹೇಳು" ಎಂದು ನಗುತ್ತಲೇ ಕೊಟ್ಟಳು.

ಆಮೇಲೆ ನಾಲ್ಕು ದಿನ ಒಲೆ ಅವ್ವನ ಕೈಯಲ್ಲೇ ಇತ್ತು. ಮತ್ತೆ ಸೊಸೆಗೆ ಬಿಟ್ಟ ದಿನ ಹಾಗೇ ಆಯಿತು. ಅಂದು ಶುಕ್ರವಾರ. ಮಂಗಳವಾರ, ಶುಕ್ರವಾರ ಬೆಂಕಿಯನ್ನೂ ಬೂದಿಯನ್ನೂ ಹೊರಗೆ ಕೊಟ್ಟರೆ ಮನೆಯ ಲಕ್ಷ್ಮಿಯೂ ಜೊತೆಗೆ ಹೋಗುತ್ತಾಳೆಂಬ ನಂಬಿಕೆ. ಅಜ್ಜಿ ಬಾಗಿಲಲ್ಲೇ ತಡೆದಳು. "ನಾಳೆ ಬಾ, ಎರಡು ಕೆಂಡ ಕೊಡ್ತೀನಿ. ಇವತ್ತು ಕೇಳಬ್ಯಾಡ." ಕೊನೆಗೆ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರ ಬಳಿ ಹೋದೆ. ಅವರು ತಿದಿ ಒತ್ತುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ತಗೊಂಡು ಹೋಗ್ರಿ. ಬೆಂಕಿಗೆ ಯಾವ ವಾರ ಐತೆ? ನಮ್ಮ ಒಲೆಗೆ ಕೇಳಿದ್ರೆ ಅದಕ್ಕೆ ಹೊಟ್ಟೆ ಒಂದೇ ಗೊತ್ತು."

ಮೂರನೇ ಸಲ ಬೆಂಕಿ ಆರಿದ ದಿನ ಅವ್ವ ಬೈಯಲಿಲ್ಲ. ನನ್ನನ್ನು ಪಡಸಾಲೆಗೆ ಕರೆದು ಮೆಲ್ಲಗೆ ಹೇಳಿದಳು. "ಬರೋ ಗುರುವಾರ ಚನ್ನಗಿರಿ ಮದುವೆಗೆ ಇವಳ ಅಣ್ಣನೂ ಬರ್ತಾನೆ. ಹಿಂಗ್ ಹಿಂಗೆ ಅಂತ ಹೇಳ್ತೀನಿ. ಕರ್ಕೊಂಡು ಹೋಗ್ಲಿ. ಒಲೆ ಹೆಂಗೆ ಇಟ್ಕಬೇಕು ಅಂತ ತಾಯಿ ಕಲಿಸಿದ ಮ್ಯಾಲೆ ಬರ್ಲಿ."

ಒಲೆ ಬಾರದೆಂದು ತವರಿಗೆ ವಾಪಸು ಹೋದ ಹುಡುಗಿಗೆ ಎರಡೂ ಊರಿನಲ್ಲಿ ಏನು ಹೆಸರು ಬರುತ್ತದೆಂದು ನನಗೆ ಗೊತ್ತಿತ್ತು. ಅಲ್ಲಿಯವರೆಗೆ ಹಗಲಿನಲ್ಲಿ ಅವಳೊಡನೆ ನಾಲ್ಕು ಮಾತು ಆಡಿದವನಲ್ಲ. ಅಂದು ಹಿತ್ತಲ ಒಗೆಯುವ ಕಲ್ಲಿನ ಬಳಿ ಹೋಗಿ ನೇರವಾಗಿ ಕೇಳಿದೆ, ಬೂದಿಯನ್ನೆಲ್ಲ ಯಾಕೆ ತೆಗೆಯುತ್ತೀ ಎಂದು.

ಅವಳಿಗೆ ಆಶ್ಚರ್ಯವಾಯಿತು. "ತೆಗೀದೆ ಇರಾಕೆ ಆಗ್ತೈತೇನ್ರೀ? ನಮ್ಮ ಕಡೆ ಸೌದೆ ಎಲ್ಲೈತೆ? ಸಗಣಿ ಕುಳ್ಳಿನ ಒಲೆ. ಒಂದು ದಿನ ಬಿಟ್ರೆ ಬೂದಿ ಬಾಯಿಗೆ ಬರ್ತೈತೆ. ರಾತ್ರಿ ಬಳಿದು ಹಾಕ್ಬೇಕು, ಮುಂಜಾನೆ ಬಳಿದು ಹಾಕ್ಬೇಕು."

"ಮತ್ತೆ ಬೆಂಕಿ ಎಲ್ಲಿ ಇಟ್ಕಂತೀರಿ?"

"ಕೆಂಡದ ಗಡಿಗೇಲಿ. ಅದು ಅತ್ತೆ ಕೆಲಸ. ಮನೆಗೆ ಹಿರೇರು ಯಾರೋ ಅವರೇ ಗಡಿಗೆ ಮುಟ್ಟಬೇಕು, ಸೊಸೆ ಮುಟ್ಟಂಗಿಲ್ಲ. ಇಲ್ಲೂ ಅತ್ತೆ ಎಲ್ಲೋ ಇಟ್ಟಿರ್ತಾರೆ, ಕೊಡ್ತಾರೆ ಅಂತ ಕಾಯ್ತಾ ಇದ್ದೆ. ಕೊಡಲಿಲ್ಲ. ಗಡಿಗೆ ಎಲ್ಲಿ ಅಂತ ಕೇಳಿದ್ರೆ ಯಜಮಾನಿಕೆ ಕೇಳ್ದಂಗೆ ಆಗಲ್ವೇನ್ರೀ?"

ಒಬ್ಬಳು ಗಡಿಗೆ ಬರಲೆಂದು ಕಾಯುತ್ತಿದ್ದಾಳೆ, ಇನ್ನೊಬ್ಬಳಿಗೆ ಗಡಿಗೆ ಎಂಬುದೊಂದು ಇದೆಯೆಂದೇ ಗೊತ್ತಿಲ್ಲ. ಅವ್ವನಿಗೆ ಈಗಲೇ ಹೇಳುತ್ತೇನೆಂದು ಹೊರಟೆ. ಅವಳು ಒದ್ದೆ ಕೈಯಲ್ಲೇ ನನ್ನ ಅಂಗಿ ಹಿಡಿದಳು. "ಬ್ಯಾಡ್ರಿ. ಹೆಂಡ್ತಿ ಮಾತು ತಂದು ಹೇಳ್ದ ಅಂತಾರೆ. ಒಂದು ಹಳೇ ಗಡಿಗೆ, ಎರಡು ದಪ್ಪ ಕುಳ್ಳು, ಒಂದು ಜರಡಿ ತಂದುಕೊಡ್ರಿ. ನಾನು ಯಾಕೆ ಹೇಳ್ಲಿ, ಬೆಂಕಿನೇ ಹೇಳ್ಲಿ."

ಕಲಾಯಿ ಸಾಹೇಬರು ಬಾಯಿ ಒಡೆದ ಗಡಿಗೆಯನ್ನೂ, ಮುಚ್ಚಲು ಒಂದು ತಗಡನ್ನೂ ಕೊಟ್ಟರು. ತಗಡಿಗೆ ಮೊಳೆಯಿಂದ ಒಂದೇ ತೂತು ಹೊಡೆದು, "ಉಸಿರಿಗೆ ಇಷ್ಟು ಸಾಕು" ಎಂದರು. ಮದುವೆಗೆ ಹೊರಡುವ ಗುರುವಾರ ಬೆಳಿಗ್ಗೆ, ಅವ್ವ ಸೀರೆ ಉಡುತ್ತಿದ್ದಾಗ, ಬಚ್ಚಲ ಮೂಲೆಯ ಕಲ್ಲಿನ ಮೇಲೆ ಕೆಲಸ ನಡೆಯಿತು. ನಾನು ಬೂದಿ ಜರಡಿ ಹಿಡಿದೆ. ಗಂಡಸು ಬೂದಿ ಮುಟ್ಟುವುದನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು. ಗಡಿಗೆಯ ತಳಕ್ಕೆ ನುಣ್ಣನೆಯ ಬೂದಿ, ಮೇಲೆ ಕೆಂಡ, ಕೆಂಡದ ಮೇಲೆ ಅಂಚು ಹತ್ತಿದ ಕುಳ್ಳು, ಅದರ ಮೇಲೆ ಇನ್ನೊಂದು ಕುಳ್ಳು, ಸುತ್ತಲೂ ಮತ್ತೆ ಬೂದಿ. ಜರಡಿಯಲ್ಲಿ ಉಳಿದ ಇದ್ದಿಲ ಚೂರುಗಳನ್ನೂ ಅವಳು ಬಿಸಾಡಲಿಲ್ಲ, ಕುಳ್ಳಿನ ಸಂದಿಗೆ ತುಂಬಿದಳು. ಒಲೆಯನ್ನು ಎಂದಿನಂತೆ ಬಳಿದು ಸಾರಿಸಿದಳು. ಅವ್ವ ಅದನ್ನು ನೋಡಿ ನಿಟ್ಟುಸಿರು ಬಿಟ್ಟು ಬಾಗಿಲು ಎಳೆದುಕೊಂಡಳು.

ಆಗ ಪೆಟ್ರೋಲು ಇಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಹಿಂದುಗಡೆ ಕಟ್ಟಿದ್ದ ಉದ್ದನೆಯ ಒಲೆಯಲ್ಲಿ ಬೂದಿ ಕಟ್ಟಿ ಬಸ್ಸು ದಾರಿಯಲ್ಲಿ ನಿಂತಿತು. ಕ್ಲೀನರು ಬೂದಿಯ ಜೊತೆ ಬೆಂಕಿಯನ್ನೂ ಕೆಳಗೆ ಸುರಿದುಬಿಟ್ಟು, ಮತ್ತೆ ಹತ್ತಿಸಲು ಒದ್ದಾಡಿದ. ಅವ್ವ ಕಿಟಕಿಯಿಂದ ನೋಡಿ, "ಇವನದೂ ಜಗಳೂರೇ ಇರಬೇಕು" ಎಂದಳು. ಬಸ್ಸಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನನ್ನಾಕೆ ಸೆರಗಿನಲ್ಲಿ ನಕ್ಕದ್ದು ನನಗೆ ಮಾತ್ರ ಕಂಡಿತು.

ಚನ್ನಗಿರಿಯಲ್ಲಿ ಅವ್ವ ಹೇಳಿದಂತೆಯೇ ಮಾಡಿದಳು. ಅವಳ ಅಣ್ಣ ಮುಖ ಸಣ್ಣ ಮಾಡಿಕೊಂಡು ಶುಕ್ರವಾರ ನಮ್ಮ ಜೊತೆಯಲ್ಲೇ ಹೊನ್ನಾಳಿಗೆ ಬಂದ, ಮರುದಿನ ತಂಗಿಯನ್ನು ಕರೆದುಕೊಂಡು ಹೋಗಲು.

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಅವ್ವ ಒಲೆಗೆ ಕೈ ಇಟ್ಟು ನೋಡಿ, "ತಣ್ಣಗೈತೆ. ಶುಕ್ರವಾರ ಬೇರೆ. ಕಲಾಯಿ ಸಾಹೇಬರೂ ಈ ಹೊತ್ತಿಗೆ ಬೆಂಕಿ ಆರ್ಸಿರ್ತಾರೆ. ಮನೆಗೆ ಬಂದ ಬೀಗರಿಗೆ ನೀರು ಕುಡಿಸಿ ಮಲಗಿಸ್ಬೇಕು" ಎಂದಳು.

ನನ್ನಾಕೆ ಬಚ್ಚಲಿಗೆ ಹೋಗಿ ಗಡಿಗೆ ತಂದು ಅತ್ತೆಯ ಮುಂದೆ ಇಟ್ಟಳು. ಎರಡು ಹಗಲು, ಒಂದು ರಾತ್ರಿ ಕಳೆದಿತ್ತು. ತಗಡು ತೆಗೆದರೆ ಬರೀ ಬೂದಿ, ಸುಡುಗಾಡಿನ ಬೂದಿಯ ಹಾಗೆ ಬೆಳ್ಳಗೆ. ಅವಳು ಕಡ್ಡಿಯಿಂದ ಮೆಲ್ಲಗೆ ಸರಿಸಿದಳು. ಒಂದು ಪದರ ಸರಿಯಿತು, ಇನ್ನೊಂದು ಸರಿಯಿತು. ಒಳಗೆ ಕುಳ್ಳು ಕುಳ್ಳಿನ ಆಕಾರದಲ್ಲೇ ಕೆಂಪಗೆ ಕುಳಿತಿತ್ತು. ಊದುಗೊಳವೆ ಬಾಯಿಗಿಟ್ಟು ಒಂದೇ ಸಲ ಊದಿದಳು. ಅವ್ವನ ಮುಖದ ಮೇಲೆ ಬೆಳಕು ಬಿತ್ತು.

ಅವ್ವ ಗಡಿಗೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಇದು ಎಲ್ಲಿತ್ತೇ ಇಷ್ಟು ದಿನ?"

"ಅತ್ತೆ ಕೈಯಾಗೆ ಇರ್ತೈತೆ ಅಂತ ತಿಳ್ಕಂಡಿದ್ದೆ ಅತ್ತೆವ್ವಾ. ನಮ್ಮ ಕಡೆ ಸೊಸೆ ಇದನ್ನ ಮುಟ್ಟಂಗಿಲ್ಲ. ಇವತ್ತು ಮುಟ್ಟೀನಿ, ತಪ್ಪಾಯ್ತು."

ಅವ್ವನಿಗೆ ಎಲ್ಲ ತಿಳಿಯಿತು. ತಾನು ಅಂದು ಆಡಿದ್ದೆಲ್ಲ ನೆನಪಾಗಿರಬೇಕು. ಸೆರಗಿನ ತುದಿಯಿಂದ ಗಡಿಗೆಯ ಕಂಠ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು.

"ಹಂಗಾದ್ರೆ ಇತ್ತ ತಾ. ಇನ್ನು ಇದು ನನ್ನ ಕೆಲಸ. ಒಲೆ ನಿಂದು, ನೀನು ಗದ್ದಿಗೆನಾದ್ರೂ ಮಾಡ್ಕೋ, ಮಂಟಪನಾದ್ರೂ ಕಟ್ಕೋ." ಆಮೇಲೆ ಪಡಸಾಲೆಯ ಕಡೆ ತಿರುಗಿ ಅವಳ ಅಣ್ಣನಿಗೆ ಹೇಳಿದಳು, "ಕೈಕಾಲು ತೊಳ್ಕಳಪ್ಪ, ರೊಟ್ಟಿ ಬಿಸಿ ಬಿಸಿ ತಿನ್ನುವಂತೆ. ನಾಳೆ ಬೆಳಿಗ್ಗೆ ಬಸ್ಸಿಗೆ ಒಂದೇ ಟಿಕೇಟು ತಗೋ."

ಆ ಗಡಿಗೆ ಅವ್ವ ಇರುವವರೆಗೂ ಅವಳ ಕೈಯಲ್ಲೇ ಇತ್ತು. ಆಮೇಲೆ ನನ್ನಾಕೆಯ ಕೈಗೆ ಬಂತು. ಪಕ್ಕದ ಮನೆಯ ಅಜ್ಜಿ ಒಂದು ದಿನ ಬಂದು ಅದನ್ನು ಸುತ್ತಲೂ ನೋಡಿ, ತನಗೂ ಒಂದು ಬೇಕೆಂದಳು. ಜರಡಿ ಹಿಡಿಯುವ ಕೆಲಸ ಮಾತ್ರ ನನ್ನದಾಗಿಯೇ ಉಳಿಯಿತು, ಅದೂ ಹಗಲಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ.

ನಿಮ್ಮ ಮನೆಯಲ್ಲಿ ಬೆಂಕಿಯನ್ನು ಹೇಗೆ ಕಾಯುತ್ತಿದ್ದರು, ಬೂದಿ ಬಳಿಯುವ ಕೆಲಸ ಯಾರ ಪಾಲಿಗಿತ್ತು? ಹೊಸ ಸೊಸೆಯೋ ಮುದುಕಿಯೋ ಒಲೆ ಮುಂದೆ ಗೆದ್ದ ಕಥೆ ನಿಮ್ಮಲ್ಲೂ ಇದ್ದರೆ ನಾಲ್ಕು ಸಾಲು ಬರೆದು ತಿಳಿಸಿ. ಅಕ್ಷರ ಹೇಗಿದ್ದರೂ ಪರವಾಗಿಲ್ಲ, ನಾನೂ ಕೂಡಿಸಿ ಕೂಡಿಸಿಯೇ ಓದುವವನು.